ದೂರು ಕೊಟ್ಟವರ ಹೆಸರು ಗುಟ್ಟಾಗಿ ಇರುತ್ತೆ ಅಂತಾರಲ್ಲ, ನಿಜವಾ? ಲೋಕಾಯುಕ್ತಕ್ಕೆ ಹೋದವರು ಹೇಳಿ

ಗಲ್ಲಾಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯ ಘಾಟ್ಕೋಪರ್ ಕಡೆಯವ. ಅಪ್ಪನ ಕಾಲದ ಸಣ್ಣ ಹೋಟೆಲ್, ಗಲ್ಲಾದಲ್ಲಿ ನಾನೇ ಕೂರುವುದು. ಪಕ್ಕದ ಅಂಗಡಿಯವರು ಗಟಾರದ ಮೇಲೆ ಸ್ಲ್ಯಾಬ್ ಹಾಕಿ ಅಂಗಡಿಯನ್ನು ಮುಂದಕ್ಕೆ ತಂದಿದ್ದಾರೆ. ಕಳೆದ ಮಳೆಗಾಲದಲ್ಲಿ ನಮ್ಮ ಅಡುಗೆಮನೆಯಲ್ಲಿ ಮೊಣಕಾಲುದ್ದ ನೀರು. ರುಬ್ಬುವ ಗ್ರೈಂಡರ್ ಮೋಟಾರ್ ಎರಡು ಸಲ ಸುಟ್ಟಿತು.

ಬಾಯಲ್ಲಿ ಹೇಳಿ ಸಾಕಾಗಿ ಒಂದು ಸರ್ಕಾರಿ ಆಫೀಸಿಗೆ ಬರಹದಲ್ಲಿ ದೂರು ಕೊಟ್ಟೆ. ಯಾವ ಆಫೀಸು ಅಂತ ಕೇಳಬೇಡಿ. ಹೆಸರು ಗುಟ್ಟಾಗಿಡಿ ಅಂತ ಬರೆದಿದ್ದೆ. ಸರಿಯಾಗಿ 11ನೇ ದಿನ ಪಕ್ಕದವರು ಮಧ್ಯಾಹ್ನದ ರಶ್ ಹೊತ್ತಿನಲ್ಲಿ ಬಂದು ಗಲ್ಲಾದ ಮೇಲೆ ಒಂದು ಝೆರಾಕ್ಸ್ ಇಟ್ಟರು. ನನ್ನದೇ ದೂರು. ಹೆಸರಿನ ಮೇಲೆ ಯಾರೋ ನೀಟಾಗಿ ಕಪ್ಪು ಮಾರ್ಕರ್ ಎಳೆದಿದ್ದರು. ವಿಳಾಸಕ್ಕೂ ಎಳೆದಿದ್ದರು. ಕೆಳಗೆ ಸಹಿ ಹಾಗೇ ಬಿಟ್ಟಿದ್ದರು. ನಾನು ಸಹಿ ಹಾಕುವುದು ಕನ್ನಡದಲ್ಲಿ! ನಮ್ಮ ಇಡೀ ಗಲ್ಲಿಯಲ್ಲಿ ಕನ್ನಡದಲ್ಲಿ ಸಹಿ ಹಾಕುವವನು ನಾನೊಬ್ಬನೇ.

ಅವರು ಬೈಯಲಿಲ್ಲ. "ಶೇಠ್, ಒಂದು ಕಟಿಂಗ್ ಚಹಾ ಕೊಡಿ" ಅಂದರು, ಕುಡಿದರು, ದುಡ್ಡು ಇಟ್ಟು ಹೋದರು. ಅದೇ ಜಾಸ್ತಿ ಹೆದರಿಕೆ ಆಯಿತು.

ಈಗ ಗೆಳೆಯರೊಬ್ಬರು ಲೋಕಾಯುಕ್ತಕ್ಕೆ ಹೋಗು, ಅಲ್ಲಿ ಎಲ್ಲ ಗುಟ್ಟು ಅಂತಾರೆ. ಇನ್ನೊಬ್ಬರು, ತನಿಖೆ ಮಾಡುವವರ ಮೇಲೆ ಕೇಸ್ ಹಾಕುವ ಹಾಗೇ ಇಲ್ಲ, ಅಲ್ಲಿಂದ ಹೆಸರು ಸೋರಿದರೆ ಯಾರನ್ನು ಹಿಡೀತಿ ಅಂತಾರೆ. ಯಾವುದು ಸರಿ?

ಸುಮ್ನೆ ಬಂದೆ

ಕಪ್ಪು ಮಾರ್ಕರ್ ಹಾಕಿದವನಿಗೆ ಕನ್ನಡ ಡಿಸೈನ್ ತರ ಕಂಡಿರಬೇಕು 😄

8.17ರ ಲೋಕಲ್

ನಗಬೇಡ ಮಾರಾಯ. ಪಾಪ ಅವರ ಗ್ರೈಂಡರ್ ಹೋಗಿದೆ.

ಗಲ್ಲಾಪೆಟ್ಟಿಗೆಯವರೇ, ಪಕ್ಕದವರು ಆರ್‌ಟಿಐ ಹಾಕಿ ತಗೊಂಡಿರಬಹುದಲ್ವಾ? ನಮ್ಮ ಸೊಸೈಟಿಯಲ್ಲಿ ಹಾಗೇ ಆಗಿತ್ತು.

ಕರಿಕೋಟು

11 ದಿನದಲ್ಲಿ ಯಾವ ಆರ್‌ಟಿಐ? ಉತ್ತರ ಕೊಡಲಿಕ್ಕೇ 30 ದಿನ ಸಮಯ ಇರುತ್ತೆ. 30 ದಿನದ ಮೊದಲು ಕೊಡುವ ಆಫೀಸು ನಾನಂತೂ ನೋಡಿಲ್ಲ. ಕೇಳಿದರೂ ದೂರು ಕೊಟ್ಟವರ ಜೀವಕ್ಕೆ ಅಪಾಯ ಆಗುವಂಥ, ಮಾಹಿತಿ ಕೊಟ್ಟವರು ಯಾರು ಅಂತ ಗೊತ್ತಾಗುವಂಥ ವಿವರ ಕೊಡಬೇಕಿಲ್ಲ. ಆರ್‌ಟಿಐ ಕಾಯ್ದೆಯ ಕಲಂ 8(1)(ಜಿ) ಇರುವುದೇ ಅದಕ್ಕೆ. ಇದು ಆರ್‌ಟಿಐ ಅಲ್ಲ. ಒಳಗಿನವರೇ ಕೊಟ್ಟದ್ದು.

ನಾನು ಮುಲುಂಡ್‌ನಲ್ಲಿ ವಕಾಲತ್ತು ಮಾಡ್ತೇನೆ. ಕೇಳಿದ್ದಕ್ಕೆ ಒಂದೊಂದಾಗಿ ಹೇಳ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮಹಾರಾಷ್ಟ್ರದ ಲೋಕಾಯುಕ್ತ ಕಾಯ್ದೆ 1971ರದು. 1972ರಿಂದ ನಡೀತಾ ಇದೆ. ಲೋಕಾಯುಕ್ತರನ್ನು ಕೂರಿಸಿ ಕೆಲಸ ಶುರು ಮಾಡಿದ ಮೊದಲ ರಾಜ್ಯ ಇದೇ. ಆ ಕಾಯ್ದೆಯಲ್ಲಿ ತನಿಖೆ ಖಾಸಗಿಯಾಗಿ ನಡೆಯಬೇಕು ಅಂತ ಇದೆ. ದೂರು ಕೊಟ್ಟವನ ಗುರುತು, ಯಾರ ಮೇಲೆ ದೂರೋ ಆ ನೌಕರನ ಗುರುತು, ಎರಡನ್ನೂ ಜನರಿಗಾಗಲೀ ಪತ್ರಿಕೆಗಾಗಲೀ ತಿಳಿಸಬಾರದು. ತನಿಖೆಗೆ ಮೊದಲೂ ಇಲ್ಲ, ನಡುವೆಯೂ ಇಲ್ಲ, ಆಮೇಲೂ ಇಲ್ಲ. ದೊಡ್ಡ ಸಾರ್ವಜನಿಕ ವಿಷಯ ಆದರೆ ಮಾತ್ರ ಕಾರಣ ಬರೆದಿಟ್ಟು ಬಹಿರಂಗವಾಗಿ ನಡೆಸಬಹುದು.

ಈಗ ಸರಿಯಾಗಿ ಓದಿ. "ಜನರಿಗೆ, ಪತ್ರಿಕೆಗೆ" ಅಂತ ಇದೆ. ಯಾರ ಮೇಲೆ ದೂರೋ ಅವರಿಗೆ ತಿಳಿಸಬಾರದು ಅಂತ ಇಲ್ಲ. ಅವರಿಗೆ ದೂರಿನ ಪ್ರತಿ ಹೋಗುತ್ತೆ, ಉತ್ತರ ಕೊಡಲಿಕ್ಕೆ ಅವಕಾಶ ಸಿಗಬೇಕಲ್ಲ. ಹಾಗಾಗಿ "ಅಲ್ಲಿ ಎಲ್ಲ ಗುಟ್ಟು" ಅಂದ ನಿಮ್ಮ ಗೆಳೆಯರು ಹೇಳಿದ್ದು ಅರ್ಧ ಮಾತ್ರ ಸರಿ.

ಇನ್ನೊಂದು. ಲೋಕಾಯುಕ್ತಕ್ಕೆ ಪಕ್ಕದ ಅಂಗಡಿಯವರ ಮೇಲೆ ದೂರು ಕೊಡಲಿಕ್ಕೆ ಆಗಲ್ಲ. ಅವರು ಸರ್ಕಾರಿ ನೌಕರರಲ್ಲ. ನಿಮ್ಮ ದೂರು ಇರಬೇಕಾದ್ದು ಕ್ರಮ ತಗೊಳ್ಳದೆ ಕೂತ ಅಧಿಕಾರಿಯ ಮೇಲೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನರ ಅರ್ಜಿ ಬಾಗಿಲಲ್ಲೇ ವಾಪಸ್ ಬರುತ್ತೆ.

ಸೆಂಟ್ರಿಂಗ್ ಶರಣ

ಅಕ್ಕಾರ, ಅಂದ್ರ ಸಾಹೇಬರ ಹೆಸರೂ ಗುಟ್ಟು, ನಮ್ಮ ಹೆಸರೂ ಗುಟ್ಟು. ಆದರ ಸಾಹೇಬರಿಗೆ ನಮ್ಮ ಹೆಸರು ಗೊತ್ತು. ಭಾಳ ಚಲೋ ಗುಟ್ಟು ಬಿಡ್ರಿ ಇದು.

ಕರಿಕೋಟು

ಶರಣಣ್ಣ, ನೀವು ನನಗಿಂತ ಚೆನ್ನಾಗಿ ಹೇಳಿದಿರಿ.

ತುಂಗಭದ್ರಾ

ಪುಣೆಯಿಂದ. ಮೂಲ ದಾವಣಗೆರೆ. ಇಲ್ಲಿಯ ಲೋಕಾಯುಕ್ತಕ್ಕೆ ಹಲ್ಲೇ ಇಲ್ಲ. ಶಿಫಾರಸು ಬರೆದು ಕಳಿಸೋದಷ್ಟೇ ಕೆಲಸ. ಕೇಳದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ. ನಮ್ಮ ಕರ್ನಾಟಕದಲ್ಲಿ ನೋಡಿ, ಲೋಕಾಯುಕ್ತಕ್ಕೆ ಸ್ವಂತ ಪೊಲೀಸರಿದ್ದಾರೆ. ಬೆಳಗ್ಗೆ ಐದೂವರೆಗೆ ಬಾಗಿಲು ಬಡಿದರೆ ಇಂಜಿನಿಯರುಗಳ ಬೆವರು ಇಳಿಯುತ್ತೆ. 2011ರಲ್ಲಿ ಗಣಿ ವರದಿ ಬಂದಾಗ ಮುಖ್ಯಮಂತ್ರಿಯೇ ಕುರ್ಚಿ ಬಿಟ್ಟರು.

8.17ರ ಲೋಕಲ್

ಬಂತು ನೋಡಿ "ನಮ್ಮ ಕರ್ನಾಟಕದಲ್ಲಿ". ಅದೇ ಕರ್ನಾಟಕದಲ್ಲಿ 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಬೇರೆ ಅಂಗಡಿ ತೆಗೆದು ಲೋಕಾಯುಕ್ತದ ಹಲ್ಲು ಕಿತ್ತಿದ್ದು ಯಾರು? 2022ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿದ ಮೇಲೆ ತಾನೇ ಹಲ್ಲು ವಾಪಸ್ ಬಂದದ್ದು? 2015ರಲ್ಲಿ ಸಂಸ್ಥೆಯ ಒಳಗೇ ಲಂಚದ ಆರೋಪ ಬಂದು ಕೊನೆಗೆ ಲೋಕಾಯುಕ್ತರೇ ರಾಜೀನಾಮೆ ಕೊಟ್ಟರಲ್ಲ, ಅದು ಯಾವ ರಾಜ್ಯ?

ತುಂಗಭದ್ರಾ

ಅಣ್ಣಾ, ನಾನು ಹೇಳಿದ್ದು ಅಧಿಕಾರದ ಮಾತು.

8.17ರ ಲೋಕಲ್

ನಾನು ಹೇಳಿದ್ದೂ ಅದೇ. ತನಿಖೆ ಮಾಡುವವರ ಮೇಲೆ ಕೇಸೇ ಹಾಕುವಂತಿಲ್ಲ ಅಂದರೆ ಇಂಥದ್ದು ಆದಾಗ ಏನು ಮಾಡೋದು? ಬೆಕ್ಕಿಗೆ ಹಾಲಿನ ಕಾವಲು ಕೊಟ್ಟು, ಬೆಕ್ಕಿನ ಮೇಲೆ ದೂರು ಕೊಡಬೇಡಿ ಅಂದಂಗೆ.

ಕರಿಕೋಟು

ಇಲ್ಲಿ ಎಲ್ಲರೂ ತಪ್ಪು ತಿಳ್ಕೋತಾರೆ. ಕಾಯ್ದೆಯಲ್ಲಿ "ಕೇಸ್ ಹಾಕುವಂತಿಲ್ಲ" ಅಂತ ಅಷ್ಟಕ್ಕೇ ನಿಲ್ಲಿಸಿಲ್ಲ. ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಲೋಕಾಯುಕ್ತರ ಮೇಲೆ, ಉಪಲೋಕಾಯುಕ್ತರ ಮೇಲೆ, ಅವರ ಸಿಬ್ಬಂದಿಯ ಮೇಲೆ ದಾವೆ ಹೂಡುವಂತಿಲ್ಲ ಅಂತ ಇರೋದು. ಜಗಳ ಎಲ್ಲ ಆ "ಸದ್ಭಾವನೆ" ಅನ್ನುವ ಪದದಲ್ಲಿದೆ.

ಹಳೇ ದಂಡ ಸಂಹಿತೆಯ 52ನೇ ಕಲಂ ಪ್ರಕಾರ ಸಾಕಷ್ಟು ಎಚ್ಚರ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆ ಆಗಲ್ಲ. ಈಗಿನ ನ್ಯಾಯ ಸಂಹಿತೆಯಲ್ಲೂ ಅದೇ ಅರ್ಥ ಉಳಿದಿದೆ. ಆದರೆ 1897ರ ಜನರಲ್ ಕ್ಲಾಸಸ್ ಕಾಯ್ದೆ ಬೇರೆ ಹೇಳುತ್ತೆ. ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ನಿರ್ಲಕ್ಷ್ಯ ಇದ್ದರೂ ಅದು ಸದ್ಭಾವನೆಯೇ. ಒಂದೇ ಪದ, ಎರಡು ಅಳತೆ. ಮಾರ್ಕರ್ ಎಳೆದವನು ಸಹಿ ಮರೆತಿದ್ದರೆ ಮೊದಲನೆಯ ಅಳತೆಯಲ್ಲಿ ಸಿಕ್ಕಿಬೀಳ್ತಾನೆ, ಎರಡನೆಯದರಲ್ಲಿ ಜಾರಿಕೊಳ್ತಾನೆ.

ಆದರೆ ದುಡ್ಡು ತಗೊಂಡು ಝೆರಾಕ್ಸ್ ಕೊಟ್ಟಿದ್ದರೆ ಯಾವ ಅಳತೆಯಲ್ಲೂ ರಕ್ಷಣೆ ಇಲ್ಲ. ಅದು ಶುದ್ಧ ಲಂಚ.

ಮಾಟುಂಗ ಮಾಸ್ತರು

ಒಳ್ಳೆಯ ಚರ್ಚೆ. ಈ ರಕ್ಷಣೆ ಯಾಕೆ ಬೇಕು ಅಂತಲೂ ಒಂದು ಮಾತು. ದೂರು ವಿಚಾರಿಸುವ ಅಧಿಕಾರಿಯ ಹುದ್ದೆಯನ್ನು ಮೊದಲು ತಂದದ್ದು ಸ್ವೀಡನ್, 1809ರಲ್ಲಿ. ಅವನ ಕೆಲಸವೇ ದೊಡ್ಡವರ ತಪ್ಪು ಹುಡುಕುವುದು. ದೊಡ್ಡವರ ಹತ್ತಿರ ದುಡ್ಡಿರುತ್ತದೆ, ವಕೀಲರಿರುತ್ತಾರೆ. ವರದಿ ಬಂದ ಮರುದಿನವೇ ಮಾನನಷ್ಟ ಅಂತ ಹತ್ತು ಊರಿನಲ್ಲಿ ಹತ್ತು ದಾವೆ ಹಾಕಿದರೆ ತನಿಖೆ ಮಾಡುವವನು ಜೀವಮಾನವೆಲ್ಲ ಕೋರ್ಟಿನ ಬೆಂಚಿನಲ್ಲೇ ಕೂರಬೇಕಾಗುತ್ತದೆ. ಆಮೇಲೆ ಯಾರು ವರದಿ ಬರೆಯುತ್ತಾರೆ?

ನಾನು 34 ವರ್ಷ ರಾತ್ರಿ ಶಾಲೆಯಲ್ಲಿ ಪಾಠ ಹೇಳಿದವನು. ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗರು ರಾತ್ರಿ ಎಂಟಕ್ಕೆ ಬಂದು ಕೂರುತ್ತಿದ್ದರು. ಪೇಪರ್ ತಿದ್ದಿದವರ ಹೆಸರು ಮಕ್ಕಳಿಗೆ ಹೇಳುತ್ತಿರಲಿಲ್ಲ. ಹೇಳಿದ್ದರೆ ಯಾರೂ ಫೇಲ್ ಮಾಡುತ್ತಿರಲಿಲ್ಲ!

ಸುಮ್ನೆ ಬಂದೆ

ಮಾಸ್ತರೇ, ನನ್ನನ್ನು ಫೇಲ್ ಮಾಡಿದವರ ಹೆಸರು ಈಗಲಾದರೂ ಹೇಳಬಹುದಲ್ವಾ?

ಸೆಂಟ್ರಿಂಗ್ ಶರಣ

ಮಾಸ್ತರ, ಕಾಗದದ ಮ್ಯಾಲಿನ ರಕ್ಷಣೆ ಕಾಗದಕ್ಕಷ್ಟೇ. 2018ರಾಗ ಬೆಂಗಳೂರಾಗ ಲೋಕಾಯುಕ್ತರಿಗೇ ಅವರ ಆಫೀಸಿನಾಗ ಚಾಕು ಹಾಕಿದ್ರಲ್ಲ. ಹಾಕಿದಾಂವ ದೂರು ಕೊಟ್ಟಾಂವನೇ. ತನ್ನ ದೂರು ಮುಚ್ಚಿ ಹಾಕಿದ್ರು ಅಂತ ಸಿಟ್ಟು. ಪುಣ್ಯಕ್ಕ ಸಾಹೇಬರು ಬದುಕಿದ್ರು.

ಅವರಿಗೆ ಪೊಲೀಸ್ ಕಾವಲು ಐತಿ, ಆದ್ರೂ ಹಿಂಗ. ಥಾಣೆದಾಗ ಸೆಂಟ್ರಿಂಗ್ ಬಡಿಯೋ ನನಗ ಯಾರು ಕಾವಲು? ಬಿಲ್ಡರ್ ಸೇಫ್ಟಿ ಬೆಲ್ಟ್ ಕೊಡಲಿಲ್ಲ ಅಂತ ಒಮ್ಮೆ ದೂರು ಕೊಟ್ಟಿದ್ದೆ. ಮರುದಿನ ಮುಕಾದಮ್ (ಮೇಸ್ತ್ರಿ) ನನಗ ಮಾತ್ರ ಕೆಲಸ ಇಲ್ಲ ಅಂದ. ಕಾರಣ ಹೇಳಲಿಲ್ಲ. ಹೇಳೋದು ಬೇಕಾಗಿರಲಿಲ್ಲ.

ತುಂಗಭದ್ರಾ

ಇಲ್ಲಿ ತಳೇಗಾಂವ್‌ನಲ್ಲಿ ಸತೀಶ್ ಶೆಟ್ಟಿ ಅಂತ ಇದ್ದರು. ಆರ್‌ಟಿಐ ಹಾಕಿ ಭೂ ಹಗರಣ ಹೊರಗೆ ತರ್ತಿದ್ದರು. 2010ರ ಜನವರಿಯಲ್ಲಿ ಬೆಳಗಿನ ವಾಕಿಂಗ್ ಹೋದಾಗ ಕೊಂದರು. ಆ ರಸ್ತೆಯಲ್ಲಿ ಲೋಣಾವಳಕ್ಕೆ ಹೋಗುವಾಗೆಲ್ಲ ನೆನಪಾಗುತ್ತೆ.

ಅದಕ್ಕೂ ಮೊದಲು ಸತ್ಯೇಂದ್ರ ದುಬೆ. ಹೆದ್ದಾರಿ ಇಂಜಿನಿಯರ್. ನನ್ನ ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡೇ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದರು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಗುಂಡಿಟ್ಟು ಕೊಂದರು.

8.17ರ ಲೋಕಲ್

ಅದಾದ ಮೇಲೆ ಕಾನೂನು ಬಂತಲ್ವಾ? ವಿಸಿಲ್ ಬ್ಲೋಯರ್ ಕಾಯ್ದೆ, ಅಕ್ರಮ ಬಯಲಿಗೆಳೆದವರ ರಕ್ಷಣೆಗೆ. ಅದರಡಿ ಹಾಕಿ.

ಕರಿಕೋಟು

ಬಂತು. 2014ರಲ್ಲಿ ರಾಷ್ಟ್ರಪತಿಗಳ ಸಹಿಯೂ ಆಯಿತು. ದೂರು ಕೊಟ್ಟವನ ಹೆಸರನ್ನು ಬೇಕಂತಲೇ ಆಗಲಿ, ನಿರ್ಲಕ್ಷ್ಯದಿಂದ ಆಗಲಿ ಬಯಲು ಮಾಡಿದರೆ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. "ನಿರ್ಲಕ್ಷ್ಯದಿಂದ" ಅನ್ನುವುದನ್ನು ಗಮನಿಸಿ, ನಮ್ಮ ಮಾರ್ಕರ್ ಮಹಾಶಯರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಆ ಕಾಯ್ದೆಯನ್ನು ಜಾರಿಗೇ ತಂದಿಲ್ಲ. ಪುಸ್ತಕದಲ್ಲಿ ಮಲಗಿದೆ.

ಈಗ ನಡೆಯುತ್ತಾ ಇರೋದು 2004ರ ಸರ್ಕಾರಿ ನಿರ್ಣಯ. ಅದರಡಿ ಕೇಂದ್ರ ಜಾಗೃತ ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ದೂರು ಕಳಿಸಬಹುದು. ಲಕೋಟೆಯ ಹೊರಗೆ ನಿಮ್ಮ ಹೆಸರು ಬರೆಯಬಾರದು, ಒಳಗೆ ಬರೆಯಲೇಬೇಕು. ಹೆಸರಿಲ್ಲದ ದೂರು ತಗೊಳ್ಳಲ್ಲ. ಆದರೆ ಅದು ಕೇಂದ್ರದ ನೌಕರರಿಗೆ, ಕೇಂದ್ರದ ಕಂಪನಿಗಳಿಗೆ ಮಾತ್ರ. ಘಾಟ್ಕೋಪರ್‌ನ ಗಟಾರ ಅಲ್ಲಿಗೆ ಬರಲ್ಲ.

ಪಿಂಚಣಿ ರಾಯರು

ನಾನು ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನೀವೆಲ್ಲ ಕಲಂ, ಸದ್ಭಾವನೆ ಅಂತ ಮೇಲಿನ ಮಹಡಿಯಲ್ಲಿ ಹುಡುಕುತ್ತಾ ಇದ್ದೀರಿ. ಕಾಗದ ಸೋರುವುದು ಕೆಳಗಿನ ಮಹಡಿಯಲ್ಲಿ.

ನಾನು ಇದೇ ಊರಿನ ಒಂದು ಸರ್ಕಾರಿ ಆಫೀಸಿನ ಆವಕ್ ವಿಭಾಗದಲ್ಲಿ ವರ್ಷಗಟ್ಟಲೆ ಕೂತವನು. ಆವಕ್ ಅಂದರೆ ಬಂದ ಕಾಗದ, ಜಾವಕ್ ಅಂದರೆ ಹೋದ ಕಾಗದ. ಬೆಳಗ್ಗೆ ಹತ್ತೂವರೆಗೆ ಟಪಾಲು ಬರುತ್ತಿತ್ತು. ಒಂದು ಮರದ ಟ್ರೇ, ಒಂದು ಕತ್ತರಿ, ತಾರೀಕಿನ ಸಿಕ್ಕಾ (ಮೊಹರು), ದೊಡ್ಡ ರಿಜಿಸ್ಟರ್. ಲಕೋಟೆ ಕತ್ತರಿಸಿ, ಸಿಕ್ಕಾ ಹೊಡೆದು, ಕಳಿಸಿದವರ ಹೆಸರು, ವಿಷಯ ಎರಡನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. "ಗೋಪನೀಯ" ಅಂತ ಕೆಂಪಕ್ಷರದಲ್ಲಿ ಬರೆದಿದ್ದ ಲಕೋಟೆ ಬಂದರೆ? ಒಡೆಯದೆ ಸಾಹೇಬರ ಟೇಬಲ್ಲಿಗೆ ಕಳಿಸಬೇಕು ಅಂತ ನಿಯಮ. ಆದರೆ ಸಾಹೇಬರೇ "ಒಡೆದು ನೋಡಿ ಕಳಿಸಿ" ಅನ್ನುತ್ತಿದ್ದರು. ಗೋಪನೀಯ ಅಂತ ಬರೆದ ಲಕೋಟೆಯನ್ನೇ ಎಲ್ಲರೂ ಮೊದಲು ಓದುತ್ತಿದ್ದರು, ಸುಳ್ಳು ಹೇಳಲ್ಲ.

ರಿಜಿಸ್ಟರ್ ಕಿಟಕಿಯ ಪಕ್ಕ ತೆರೆದೇ ಇರುತ್ತಿತ್ತು. ಹೊರಗೆ ಸಾಲಿನಲ್ಲಿ ನಿಂತವರು ತಲೆಕೆಳಗಾಗಿ ಓದಲು ಕಲಿತಿದ್ದರು. ಆಮೇಲೆ ಝೆರಾಕ್ಸ್. ಆಫೀಸಿನ ಯಂತ್ರ ಕೆಟ್ಟು ನಿಂತರೆ ಸಿಪಾಯಿ ಕಾಗದ ಹಿಡಿದು ರಸ್ತೆಯಾಚೆ ಅಂಗಡಿಗೆ ಹೋಗುತ್ತಿದ್ದ. ಒಂದು ಪ್ರತಿ ಹೇಳಿದರೆ ಎರಡು ತೆಗೆಯುವುದು ಎಷ್ಟು ಹೊತ್ತು? ಆ ಅಂಗಡಿಯವನಿಗೆ ಯಾರ ಮೇಲೆ ಯಾರು ದೂರು ಕೊಟ್ಟಿದ್ದಾರೆ ಅನ್ನುವುದು ಸಾಹೇಬರಿಗಿಂತ ಮೊದಲೇ ಗೊತ್ತಿರುತ್ತಿತ್ತು.

ನನ್ನ ಅನುಮಾನ ಕೇಳಿ. ಗಲ್ಲಾಪೆಟ್ಟಿಗೆಯವರ ಕಾಗದಕ್ಕೆ ಮಾರ್ಕರ್ ಎಳೆದವನು ಕೆಟ್ಟವನಲ್ಲ. ಅವನು ನಿಯಮ ಪಾಲಿಸಿದ. ಹೆಸರು, ವಿಳಾಸ ಅಳಿಸು ಅಂದರು, ಅಳಿಸಿದ. ಆ ಗೆರೆಗಳು ಹೆಸರು ಅಂತ ಅವನಿಗೆ ಹೊಳೆಯಲೇ ಇಲ್ಲ. ತಪ್ಪು ಆ ಪ್ರತಿಯನ್ನು ಹೊರಗೆ ಬಿಟ್ಟವನದು. ಅವನು ಬೇರೆಯವನು.

ಕರಿಕೋಟು

ರಾಯರೇ, ನೀವು ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದು ಸೇರಿಸ್ತೇನೆ. ಲೋಕಾಯುಕ್ತ ಕಾಯ್ದೆಯಲ್ಲಿ ಗುಟ್ಟಿನ ಕಲಂ ಬೇರೆಯೇ ಇದೆ. ತನಿಖೆಯಲ್ಲಿ ಸಿಕ್ಕ ಮಾಹಿತಿ, ಸಾಕ್ಷ್ಯ ಗೋಪ್ಯವಾಗಿ ಇಡಬೇಕು. ಕೋರ್ಟ್ ಕೂಡ ಲೋಕಾಯುಕ್ತರನ್ನು ಕರೆದು ಆ ಬಗ್ಗೆ ಸಾಕ್ಷಿ ಹೇಳಿ ಅಂತ ಬಲವಂತ ಮಾಡುವಂತಿಲ್ಲ, ಸುಳ್ಳು ಸಾಕ್ಷ್ಯದ ಕೇಸಿನಂಥ ಕೆಲವು ಸಂದರ್ಭ ಬಿಟ್ಟು. ಅಂದರೆ ಗುಟ್ಟು ಮತ್ತು ರಕ್ಷಣೆ ಜೋಡಿ ಎತ್ತುಗಳು. ಬಾಯಿ ಮುಚ್ಚಿಕೊಂಡಿರು, ನಿನ್ನನ್ನು ಯಾರೂ ಕೋರ್ಟಿಗೆ ಎಳೆಯಲ್ಲ ಅಂತ ಒಪ್ಪಂದ. ಬಾಯಿ ಬಿಟ್ಟವನು ಒಪ್ಪಂದ ಮುರಿದ ಹಾಗೆ, ಆಮೇಲೆ ಸದ್ಭಾವನೆ ಅಂತ ಅಡಗಿ ಕೂರಲು ಕಷ್ಟ. ಹೈಕೋರ್ಟಿಗೆ ರಿಟ್ ಹಾಕುವ ದಾರಿ ಯಾವಾಗಲೂ ತೆರೆದೇ ಇರುತ್ತೆ. ಅದನ್ನು ಯಾವ ಕಾಯ್ದೆಯೂ ಮುಚ್ಚಲಿಕ್ಕೆ ಆಗಲ್ಲ.

8.17ರ ಲೋಕಲ್

ಅಕ್ಕಾ, ಹೈಕೋರ್ಟ್ ಅಂದಿರಲ್ಲ. ಇಡ್ಲಿ ಮಾರುವವರು ಫೋರ್ಟ್‌ವರೆಗೆ ರಿಟ್ ಹಿಡಿದು ಹೋಗ್ತಾರಾ? ಯಾರು ಸೋರಿಸಿದರು ಅಂತ ಸಾಬೀತು ಮಾಡಬೇಕಾದವರು ಅವರೇ ಅಲ್ವಾ? ಅದು ಗೊತ್ತಾಗಬೇಕಾದರೆ ಕಡತ ನೋಡಬೇಕು. ಕಡತ ಗೋಪ್ಯ! ನಾನು ಇಲ್ಲಿ ಒಪ್ಪಲ್ಲ. ರಕ್ಷಣೆ ಲೋಕಾಯುಕ್ತರಿಗೆ ಇರಲಿ, ಸಿಬ್ಬಂದಿಗೆಲ್ಲ ಯಾಕೆ?

ಕರಿಕೋಟು

ಸಿಬ್ಬಂದಿಗೆ ಇಲ್ಲದಿದ್ದರೆ ದೊಡ್ಡವರು ಲೋಕಾಯುಕ್ತರನ್ನು ಬಿಟ್ಟು ಟೈಪಿಸ್ಟ್ ಮೇಲೆ ದಾವೆ ಹಾಕ್ತಾರೆ. ಆದರೆ ಸಾಬೀತಿನ ಕಷ್ಟ ನೀವು ಹೇಳಿದ್ದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಗಲ್ಲಾಪೆಟ್ಟಿಗೆ

ಎಲ್ಲರಿಗೂ ಧನ್ಯವಾದ. ಇಷ್ಟು ಜನ ಬರೀತೀರಿ ಅಂತ ಅಂದುಕೊಂಡಿರಲಿಲ್ಲ. ರಾಯರೇ, ನೀವು ಹೇಳಿದ ಝೆರಾಕ್ಸ್ ಅಂಗಡಿ ಓದಿ ನಾನು ಆ ಪ್ರತಿ ಮತ್ತೆ ತೆಗೆದು ನೋಡಿದೆ. ಮೂಲೆಯಲ್ಲಿ ಚಹಾದ ಉಂಗುರದ ಗುರುತು ಇದೆ. ನಮ್ಮ ಹೋಟೆಲಿನದಲ್ಲ, ಅದು ಝೆರಾಕ್ಸಿನ ಒಳಗೇ ಬಂದಿದೆ. ಅಂದರೆ ನನ್ನ ಮೂಲ ಕಾಗದದ ಮೇಲೆ ಯಾರೋ ಗ್ಲಾಸ್ ಇಟ್ಟಿದ್ದಾರೆ.

ಇನ್ನೊಂದು ಪ್ರಶ್ನೆ. ಪಕ್ಕದವರ ತಮ್ಮ ನಿನ್ನೆ ಹುಡುಗರ ಹತ್ತಿರ, ಮಾನಹಾನಿ ಕೇಸ್ ಹಾಕ್ತೇವೆ ಅಂತ ಹೇಳಿ ಹೋದನಂತೆ. ತನಿಖೆ ಮಾಡುವವರಿಗೆ ರಕ್ಷಣೆ ಇದೆ ಸರಿ, ನನಗೆ?

ಕರಿಕೋಟು

ನಿಮಗೂ ಇದೆ. ಅಧಿಕಾರ ಇರುವವರ ಮುಂದೆ ಸದ್ಭಾವನೆಯಿಂದ ದೂರು ಹೇಳಿದರೆ ಅದು ಮಾನಹಾನಿ ಅಲ್ಲ. ಹಳೇ ದಂಡ ಸಂಹಿತೆಯ 499ನೇ ಕಲಮಿನ ಎಂಟನೇ ಅಪವಾದ, ಈಗ ನ್ಯಾಯ ಸಂಹಿತೆಯ 356ರಲ್ಲಿದೆ. ಆದರೆ ಅದೇ ಮಾತನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಈ ರಕ್ಷಣೆ ಸಿಗಲ್ಲ. ದೂರಿನಲ್ಲಿ ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಿರಿ. "ದುಡ್ಡು ತಿಂದಿದ್ದಾರೆ" ಅಂತ ಬರೆಯಬೇಡಿ. ನೀರಿನ ಫೋಟೋ, ಮೋಟಾರ್ ಕಟ್ಟಿಸಿದ ಬಿಲ್ಲು ಇಡಿ.

ಮತ್ತೆ ಗಡುವು. ಕೆಲಸ ಮಾಡಿಕೊಡಲಿಲ್ಲ ಅನ್ನುವ ಅಹವಾಲಿಗೆ 12 ತಿಂಗಳು, ಭ್ರಷ್ಟಾಚಾರದಂಥ ಆರೋಪಕ್ಕೆ 3 ವರ್ಷ. ನಿಮ್ಮದು ಅಹವಾಲು. ಕಳೆದ ಮಳೆಗಾಲ ಅಂದಿರಿ, ಜಾಸ್ತಿ ದಿನ ಯೋಚಿಸಬೇಡಿ.

ಸೆಂಟ್ರಿಂಗ್ ಶರಣ

ಅಣ್ಣಾ, ಸಹಿ ಇಂಗ್ಲಿಷಿನಾಗ ಹಾಕು ಈ ಸಲ.

ತುಂಗಭದ್ರಾ

ಯಾಕೆ ಹಾಕಬೇಕು? ಕನ್ನಡದಲ್ಲಿ ಸಹಿ ಹಾಕೋದು ತಪ್ಪಾ?

ಸುಮ್ನೆ ಬಂದೆ

ಶುರುವಾಯಿತು. ಇನ್ನು ಗಟಾರ ಮರೆತು ಭಾಷೆ ಮೇಲೆ 200 ಕಮೆಂಟು.

ಮಾಟುಂಗ ಮಾಸ್ತರು

ನಮ್ಮ ರಾತ್ರಿ ಶಾಲೆಯ ಹುಡುಗರಿಗೆ ನಾನು ಮೊದಲು ಕಲಿಸುತ್ತಿದ್ದದ್ದೇ ಸಹಿ. ಸಂಬಳದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವುದು ತಪ್ಪಲಿ ಅಂತ. ಇವರ ಅಪ್ಪನೂ ನನ್ನ ವಿದ್ಯಾರ್ಥಿಯೇ ಇರಬಹುದು, ಯಾರಿಗೆ ಗೊತ್ತು.

ನಿರ್ವಾಹಕ

ಆಫೀಸಿನ ಹೆಸರು, ವಾರ್ಡಿನ ಹೆಸರು ಊಹಿಸಿ ಬರೆದ ಮೂರು ಕಮೆಂಟು ತೆಗೆದಿದ್ದೇನೆ. ಗುಟ್ಟಿನ ಬಗ್ಗೆ ಮಾತಾಡುತ್ತಾ ನೀವೇ ಗುಟ್ಟು ಬಿಡಬೇಡಿ.

ಗಲ್ಲಾಪೆಟ್ಟಿಗೆ

ನಾಲ್ಕು ದಿನ ಆದಮೇಲೆ ಬರೀತಾ ಇದ್ದೇನೆ. ಕರಿಕೋಟು ಅಕ್ಕ ಹೇಳಿದ ಹಾಗೆ ಅಧಿಕಾರಿಯ ಮೇಲೆ ಬರೆದು, ಅಫಿಡವಿಟ್ ಮಾಡಿಸಿ, ಇವತ್ತು ಮಂತ್ರಾಲಯದ ಎದುರಿನ ನವೀನ ಪ್ರಶಾಸಕೀಯ ಭವನಕ್ಕೆ ಹೋಗಿ ಕೊಟ್ಟು ಬಂದೆ. ಸಹಿ ಕನ್ನಡದಲ್ಲೇ ಹಾಕಿದೆ. ಹುರುಪಿಗಲ್ಲ ಮಾರಾಯ್ರೇ. ಬ್ಯಾಂಕಿನಲ್ಲಿ ಮೊದಲಿನಿಂದ ಇದೇ ಸಹಿ ಇರೋದು, ಈಗ ಬದಲಿಸಿದರೆ ಹಾಲಿನವರ ಚೆಕ್ಕು ವಾಪಸ್ ಬರುತ್ತೆ. ನೋಟರಿ ಅದನ್ನು ನೋಡಿ, "ಹೇ ಕಾಯ್ ಆಹೇ?" (ಇದೇನು?) ಅಂತ ಕೇಳಿದರು. ನನ್ನ ಹೆಸರು ಅಂದೆ.

8.17ರ ಲೋಕಲ್

ಜಾವಕ್ ನಂಬರ್ ತಗೊಂಡಿರಾ?

ಪಿಂಚಣಿ ರಾಯರು

ಆವಕ್ ನಂಬರ್! ಎಷ್ಟು ಸಲ ಹೇಳಬೇಕು.

ಗಲ್ಲಾಪೆಟ್ಟಿಗೆ

ತಗೊಂಡೆ ರಾಯರೇ. ನನ್ನ ಪ್ರತಿಯ ಮೇಲೆ ಸಿಕ್ಕಾ ಹೊಡೆಸಿದೆ. ಆ ಹುಡುಗಿ ರಿಜಿಸ್ಟರ್‌ನಲ್ಲಿ ಬರೆದು ಮುಚ್ಚಿಟ್ಟಳು. ಅವಳ ಚಹಾ ಗ್ಲಾಸು ಬೇರೆ ಟೇಬಲ್ ಮೇಲಿತ್ತು.